ಕಾಲುವೆ ದಂಡೆಗೆ ಹೋದ ರಜೆ

ಗಲ್ಫಿನಲ್ಲಿ ದುಡಿಯುವ ನಮ್ಮ ಕಡೆಯವರಿಗೆ ವರ್ಷಕ್ಕೊಮ್ಮೆ ರಜೆ ಸಿಗುತ್ತದೆ ಎಂದು ಕೆಲಸದ ಕರಾರಿನಲ್ಲಿ ಬರೆದಿರುತ್ತದೆ. ಅದು ಶುದ್ಧ ಸುಳ್ಳು. ರಜೆ ಸಿಗುವುದು ಊರಿನಲ್ಲಿರುವವರಿಗೆ. ನಾವು ಅದನ್ನು ಇಲ್ಲಿಂದ ಹೊತ್ತುಕೊಂಡು ಹೋಗಿ ಅವರ ಕೈಗೆ ಒಪ್ಪಿಸಿ ಬರುತ್ತೇವೆ, ಅಷ್ಟೆ. ಟಿಕೆಟ್ ತೆಗೆಯುವ ಮೊದಲೇ ಅದು ಪಾಲಾಗಿ ಹೋಗಿರುತ್ತದೆ: ಇಷ್ಟು ಮದುವೆಗೆ, ಇಷ್ಟು ಯಾರದೋ ಹೊಸ ಮನೆಯ ಆಶೀರ್ವಾದಕ್ಕೆ, ಉಳಿದದ್ದು ಬ್ಯಾಂಕಿಗೆ, ಹಲ್ಲಿನ ಡಾಕ್ಟರಿಗೆ, ಹೋಗಿ ಮುಖ ತೋರಿಸದಿದ್ದರೆ ಮುನಿಸಿಕೊಳ್ಳುವ ನೆಂಟರಿಗೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ. ದೋಹಾಕ್ಕೆ ಮರಳಿ ಆಫೀಸಿನ ಕುರ್ಚಿಯಲ್ಲಿ ಕುಳಿತಾಗಲೇ ನನ್ನ ಬೆನ್ನಿಗೆ ಸ್ವಲ್ಪ ಆರಾಮ ಸಿಗುತ್ತಿತ್ತು.

ಮದುವೆಯಾಗಿ ಕತಾರಿಗೆ ಬಂದ ಮೇಲೆ ನನ್ನ ಎಲ್ಲ ರಜೆಗಳನ್ನೂ ಹೀಗೆ ಒಪ್ಪಿಸಿದ್ದೇನೆ. ಒಂದನ್ನು ಮಾತ್ರ ಒಪ್ಪಿಸಲಿಲ್ಲ. ಇದು ಆ ಒಂದು ರಜೆಯ ವಿಷಯ. ಓದಿದವರಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ, ನನಗೆ ಅದರ ಅಭ್ಯಾಸವಾಗಿದೆ.

ನಮ್ಮದು ಉಡುಪಿ ಕಡೆಯ ಕ್ರಿಶ್ಚಿಯನ್ ಕುಟುಂಬ, ಮನೆಮಾತು ಕೊಂಕಣಿ. ಗಂಡನಿಗೆ ದುಖಾನ್‌ನಲ್ಲಿ ಎಣ್ಣೆ ಕಂಪನಿಯ ಕೆಲಸ. ವಾರವೆಲ್ಲ ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಾರೆ. ನಾನು ಬಿನ್ ಮಹಮೂದ್‌ನ ಹಳೆಯ ಕಟ್ಟಡವೊಂದರ ಫ್ಲ್ಯಾಟಿನಲ್ಲಿದ್ದುಕೊಂಡು ಒಂದು ಕನ್‌ಸ್ಟ್ರಕ್ಷನ್ ಕಂಪನಿಯ ಆಫೀಸಿಗೆ ಹೋಗುತ್ತೇನೆ. ಮಗಳು ಮದುವೆಯಾಗಿ ಮಸ್ಕತ್‌ನಲ್ಲಿದ್ದಾಳೆ. ಐದು ದಿನ ಮನೆಯಲ್ಲಿ ನಾನೊಬ್ಬಳೇ. ಒಂಟಿತನ ಎಂದು ಯಾರಾದರೂ ಮರುಕಪಟ್ಟರೆ ನನಗೆ ನಗು ಬರುತ್ತದೆ. ಅದಕ್ಕಿಂತ ಸುಖದ ದಿನಗಳನ್ನು ನಾನು ಕಂಡದ್ದು ಕಡಿಮೆ.

ಸೈಕಲ್ ಕಲಿತದ್ದು ಆ ದಿನಗಳಲ್ಲೇ. ಚಿಕ್ಕವಳಿದ್ದಾಗ ಅಣ್ಣಂದಿರು ಬಾಡಿಗೆ ಸೈಕಲ್ ತಂದು ಮೊಣಕಾಲು ತರಚಿಕೊಂಡು ಕಲಿತರು. ನಾನು ಕೇಳಿದಾಗ, ಬಿದ್ದು ಕೈಕಾಲು ಮುರಿದರೆ ಯಾರು ಮದುವೆಯಾಗುತ್ತಾರೆ ಎಂದು ಅಮ್ಮ ಗದರಿದ್ದಳು. ನನ್ನ ಮದುವೆಯೂ ಆಯಿತು, ಮಗಳ ಮದುವೆಯೂ ಆಯಿತು. ಇನ್ನು ಮುರಿದರೆ ಯಾರಿಗೇನು ನಷ್ಟ? ಇಲ್ಲಿಯ ಕೆಲಸ ಖಲಾಸ್ ಮಾಡಿಕೊಂಡು ಊರಿಗೆ ಹೊರಟವರು ಮನೆಯ ಸಾಮಾನು ಮಾರಿ ಹೋಗುವುದು ವಾಡಿಕೆ. ಅಂಥ ಒಂದು ಮನೆಗೆ ಮಿಕ್ಸಿ ನೋಡಲು ಹೋದವಳು ಸೈಕಲ್ ತಂದೆ. ಕಾರಿಡಾರಿನಲ್ಲಿ ಇಡಬಾರದು ಎಂದು ವಾಚ್‌ಮನ್ ತಕರಾರು ತೆಗೆದ. ಹಾಲ್‌ನಲ್ಲಿ ಬೇರೆ ಜಾಗವಿರಲಿಲ್ಲ. ನಮ್ಮ ಆಲ್ತಾರದ, ಅಂದರೆ ಏಸುವಿನ ಪಟವಿಟ್ಟ ಪ್ರಾರ್ಥನೆಯ ಪೀಠದ, ಪಕ್ಕ ನಿಲ್ಲಿಸಿದೆ. ಗುರುವಾರ ಬಂದ ಗಂಡ ಅದನ್ನು ನೋಡಿ, ಇನ್ನು ಇದಕ್ಕೂ ಒಂದು ಮೇಣದ ಬತ್ತಿ ಹಚ್ಚು ಎಂದರು.

ಕಲಿಸಿದವಳು ಕೆಳಗಿನ ಫ್ಲ್ಯಾಟಿನ ನೆರೆಯವಳು. ಮಂಗಳೂರು ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು, ನನಗಿಂತ ಚಿಕ್ಕವಳು. ಅವಳ ಗಂಡನಿಗೆ ಸೂಕ್ ವಾಕಿಫ್ ಮಾರುಕಟ್ಟೆಯ ಹತ್ತಿರ ಬಟ್ಟೆ ಅಂಗಡಿ. ಅಂಗಡಿಯ ವ್ಯಾನ್ ಓಡಿಸಲು ಅವಳಿಗೂ ಲೈಸೆನ್ಸ್ ಇದೆ. ಅವಳ ಮನೆಯಲ್ಲಿ ಬ್ಯಾರಿ, ನಮ್ಮ ಮನೆಯಲ್ಲಿ ಕೊಂಕಣಿ; ನಾವಿಬ್ಬರು ಸೇರಿದರೆ ಕನ್ನಡ. ಮೊದಲು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಶುಕ್ರವಾರ ಬೆಳಗಾಗುವ ಮುಂಚೆ ಸೈಕಲ್ಲನ್ನು ವ್ಯಾನಿಗೆ ಹಾಕಿಕೊಂಡು, ಉತ್ತರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಸೈಕಲ್ ಟ್ರ್ಯಾಕಿಗೆ ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. ಅಬಾಯಾವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಸೀಟು ಹಿಡಿದು ಹಿಂದೆ ಓಡಿ ಬರುತ್ತಿದ್ದಳು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಅವಳು ವ್ಯಾನಿನಲ್ಲೇ ಕುಳಿತು ಕರಕ್ ಚಹಾ ಕುಡಿಯುತ್ತಿದ್ದಳು, ನಾನು ಒಬ್ಬಳೇ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಬರುತ್ತಿದ್ದೆ. ಅಲ್ಲಿಂದ ಮನೆಗೆ ಬಂದು ಸ್ನಾನ ಮಾಡಿ ಶುಕ್ರವಾರದ ಪೂಜೆಗೆ ಚರ್ಚಿಗೆ ಹೋಗುವುದು ರೂಢಿಯಾಯಿತು. ಇಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ನಮಗೆ ಅದೇ ಭಾನುವಾರ.

ಟ್ರ್ಯಾಕ್ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಒಂದು ಕಡೆ ಮರಳು, ಇನ್ನೊಂದು ಕಡೆ ಹೆದ್ದಾರಿಯ ಗದ್ದಲ. ಮರ ಎಂಬುದಿಲ್ಲ. ಏಪ್ರಿಲ್ ದಾಟಿದರೆ ಸೂರ್ಯ ಮೂಡುವ ಮುಂಚೆಯೇ ಬೆವರು. ಒಂದು ದಿನ ಈ ಗೊಣಗಾಟವನ್ನು ಆಫೀಸಿನಲ್ಲಿ ಪಕ್ಕದ ಮೇಜಿನ ಫ್ರೆಂಚ್ ಹೆಂಗಸಿನ ಮುಂದೆ ಆಡಿದೆ. ಆಕೆ ಕೆಲಸ ಬಿಟ್ಟು ತನ್ನ ಊರಿಗೆ ಹೊರಡುವುದರಲ್ಲಿದ್ದರು. ಬರ್ಗಂಡಿ ಎಂಬ ಸೀಮೆಯ ಹಳ್ಳಿ. ಅಲ್ಲಿ ಹಳೆಯ ಕಾಲುವೆಗಳಿವೆಯಂತೆ. ಹಿಂದೆ ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಸರಕಿನ ದೋಣಿ ಎಳೆಯುತ್ತಿದ್ದವಂತೆ. ಈಗ ಕುದುರೆಗಳಿಲ್ಲ, ಅವು ನಡೆದ ದಾರಿಯನ್ನು ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ಕಾರು ನುಗ್ಗದಂತೆ ಅಲ್ಲಲ್ಲಿ ಕಂಬ ನೆಟ್ಟಿದ್ದಾರೆ. ದಿನಗಟ್ಟಲೆ ಹೋದರೂ ಒಂದು ಹಾರ್ನ್ ಕೇಳಿಸುವುದಿಲ್ಲ ಎಂದು ಆಕೆ ಹೇಳಿ ಫೋನಿನಲ್ಲಿ ಫೋಟೋ ತೋರಿಸಿದರು: ಹಸಿರು ನೀರು, ಎರಡೂ ಕಡೆ ಮರ, ನಡುವೆ ಬಿಳಿ ದಾರಿ. ನನಗೆ ಆ ದಾರಿಯ ಮೇಲೆ ಆಸೆ ಹುಟ್ಟಿತು. ಮನಸ್ಸಿನ ಒಂದು ಮೂಲೆಯಲ್ಲಿ ಅಲ್ಲ, ನೇರವಾಗಿ ಹೊಟ್ಟೆಯಲ್ಲಿ, ಹಸಿವಿನ ಹಾಗೆ.

ಒಂದು ವರ್ಷ ಮೊದಲೇ ಎಲ್ಲರಿಗೂ ಹೇಳಿದೆ. ಮುಂದಿನ ಮೇ ತಿಂಗಳ ರಜೆಯಲ್ಲಿ ನಾನು ಊರಿಗೆ ಬರುವುದಿಲ್ಲ, ಕಾಲುವೆ ದಂಡೆಯಲ್ಲಿ ಸೈಕಲ್ ಹೊಡೆಯಲು ಫ್ರಾನ್ಸಿಗೆ ಹೋಗುತ್ತೇನೆ. ಗಂಡನಿಗೆ ಹೇಳಿದೆ, ಮಗಳಿಗೆ ಹೇಳಿದೆ, ಊರಿನಲ್ಲಿರುವ ಗಂಡನ ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಎಲ್ಲರೂ ಹೂಂ ಎಂದರು. ಮಗು ಚಂದ್ರ ಬೇಕು ಎಂದಾಗ ಹೂಂ ಎನ್ನುವುದಿಲ್ಲವೇ, ಅಂಥ ಹೂಂ. ನಾನು ಆಫೀಸಿನಲ್ಲಿ ರಜೆ ಮಂಜೂರು ಮಾಡಿಸಿಕೊಂಡೆ. ವೀಸಾಕ್ಕೆ ಕಾಗದಪತ್ರ ಹೊಂದಿಸಿದೆ. ದಾರಿಯಲ್ಲಿ ಉಳಿಯುವ ಮನೆಗಳನ್ನು ಗೊತ್ತು ಮಾಡಿದೆ.

ಕ್ರಿಸ್ಮಸ್ ಕಳೆದ ಮೇಲೆ ಗಂಡನ ಅಕ್ಕನ ಮಗನಿಗೆ ಹೆಣ್ಣು ಗೊತ್ತಾಯಿತು. ಒಳ್ಳೆಯದೇ. ಮದುವೆಯ ದಿನವೂ ಗೊತ್ತಾಯಿತು. ಅದು ಮೇ ತಿಂಗಳಲ್ಲಿ, ನನ್ನ ರಜೆಯ ನಟ್ಟನಡುವೆ ಬಂದಿತ್ತು. ತಪ್ಪಿ ಹಾಗಾಯಿತೇನೋ ಎಂದು ನಾನೇ ಫೋನ್ ಮಾಡಿ ಕೇಳಿದೆ. ತಪ್ಪಿ ಆದದ್ದಲ್ಲ. ಹೇಗೂ ನಿನಗೆ ಆಗ ರಜೆ ಮಂಜೂರಾಗಿದೆಯಲ್ಲ, ಅದನ್ನು ನೋಡಿಕೊಂಡೇ ಪಾದ್ರಿಗಳ ಹತ್ತಿರ ದಿನ ಕೇಳಿದೆವು ಎಂದು ಅವರು ಸಂತೋಷದಿಂದ ಹೇಳಿದರು. ನಾನು ಕಾಲುವೆಗೆಂದು ಕಾದಿಟ್ಟ ದಿನಗಳನ್ನೇ ಅವರು ನನಗೆ ಉಪಕಾರ ಮಾಡಿದ ಹಾಗೆ ಎತ್ತಿಕೊಂಡಿದ್ದರು. ಮದುವೆಯ ಹಿಂದಿನ ಸಂಜೆ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಮಾವನ ಹೆಂಡತಿಯಾದ ನಾನು ಮುಂದೆ ನಿಲ್ಲಲೇಬೇಕು ಎಂದೂ ಸೇರಿಸಿದರು.

ಗುರುವಾರ ಗಂಡ ಬಂದಾಗ ನಾನು ಬೇಕೆಂದೇ ಅಡುಗೆ ಮಾಡಿರಲಿಲ್ಲ. ಅವರು ಕೆಟ್ಟವರಲ್ಲ. ಅಕ್ಕ ಎಂದರೆ ಬೆಣ್ಣೆಯಂತೆ ಕರಗುತ್ತಾರೆ, ಅದೊಂದೇ ಕಾಯಿಲೆ. ಒಂದು ವರ್ಷ ಬಿಟ್ಟು ಹೋದರೆ ಕಾಲುವೆ ಬತ್ತಿಹೋಗುತ್ತದೆಯೇ, ಸ್ವಲ್ಪ ಅಡ್ಜಸ್ಟ್ ಮಾಡಿಕೋ ಎಂದರು. ಕಾಲುವೆ ಬತ್ತುವುದಿಲ್ಲ, ನನ್ನ ಮೊಣಕಾಲು ಬತ್ತುತ್ತದೆ ಎಂದೆ. ಮುಂದಿನ ವರ್ಷ ಇನ್ನೊಂದು ಮದುವೆ ಬರುತ್ತದೆ, ಅದರ ಮುಂದಿನ ವರ್ಷ ಒಂದು ನಾಮಕರಣ ಎಂದೆ. ಅವರು ಹೋಟೆಲಿನಿಂದ ಪರೋಟ ತರಿಸಿ ತಿಂದು, ಟಿವಿ ಹಾಕಿಕೊಂಡು ಕುಳಿತರು.

ಆಮೇಲೆ ಶುರುವಾಯಿತು ನೋಡಿ. ಊರಿನಿಂದ ದಿನಕ್ಕೊಂದು ಫೋನ್. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮೂರಿನ ಹೆಂಗಸರು ನನ್ನ ಸುತ್ತ ನಿಂತು ಕನಿಕರದಿಂದ ವಿಚಾರಿಸುವುದು. ಗಂಡ ಹೆಂಡತಿ ನಡುವೆ ಏನಾದರೂ ಇದೆಯೇ ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಸೈಕಲ್ ಇದೆ ಎಂದೆ. ಮಗಳು ಕೂಡ ಮಸ್ಕತ್‌ನಿಂದ, ಮಮ್ಮಿ, ಇಟ್ಸ್ ಜಸ್ಟ್ ಎ ವೆಕೇಶನ್ ಎಂದಳು. ಅದನ್ನೇ ಅಲ್ಲವೇ ನಾನು ಹೇಳುತ್ತಿರುವುದು, ಒಂದು ರಜೆ, ಅಷ್ಟೇ! ಹಾಗಿದ್ದರೆ ಎಲ್ಲರಿಗೂ ಅದು ಯಾಕೆ ಬೇಕು?

ಆದರೂ ನಾನು ಸೋಲುವ ಹಂತಕ್ಕೆ ಬಂದಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಶುಕ್ರವಾರ ಟ್ರ್ಯಾಕಿನಲ್ಲಿ ಅರ್ಧಕ್ಕೇ ಸೈಕಲ್ ತಿರುಗಿಸಿಕೊಂಡು ಬಂದೆ. ಧೂಳು ಗಾಳಿ ಬೀಸುತ್ತಿತ್ತು. ವ್ಯಾನಿನಲ್ಲಿ ಕುಳಿತು ನೆರೆಯವಳಿಗೆ, ಪ್ಯಾರಿಸ್ ಟಿಕೆಟ್ ಕ್ಯಾನ್ಸಲ್ ಮಾಡಿ ಮಂಗಳೂರಿಗೆ ತೆಗೆಯುತ್ತೇನೆ, ಸಾಕಾಯಿತು ಎಂದೆ. ಅವಳು ಯಾವಾಗಲೂ ನಗುವವಳು, ಆ ದಿನ ನಗಲಿಲ್ಲ.

"ಒಂದು ಮಾತು ಕೇಳ್ತೇನೆ ಅಕ್ಕ, ಬೇಜಾರು ಮಾಡ್ಬೇಡಿ. ರಜೆ ನಿಮ್ದಾ, ಅವ್ರದ್ದಾ? ಅದು ಹೇಳಿ ಮೊದ್ಲು."

ನಾನು ಹೆಲ್ಮೆಟ್ಟಿನ ಧೂಳು ಒರೆಸತೊಡಗಿದೆ.

"ನಿಮ್ದಾದ್ರೆ ಹೋಗಿ. ಅವ್ರದ್ದಾದ್ರೆ ನನ್ನ ನಿದ್ರೆ ಯಾಕೆ ಹಾಳು ಮಾಡಿದ್ದು ಮಾರಾಯ್ರೆ, ಇಷ್ಟು ಶುಕ್ರವಾರ?"

ಹೇಳಿ ವ್ಯಾನ್ ಸ್ಟಾರ್ಟ್ ಮಾಡಿದಳು. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು, ಮತ್ತು ಆ ಸಿಟ್ಟು ನನಗೆ ಎಲ್ಲರ ಕನಿಕರಕ್ಕಿಂತ ಹಿತವಾಗಿತ್ತು. ಆ ಸಂಜೆ ಗಂಡನ ಅಕ್ಕನಿಗೆ ಫೋನ್ ಮಾಡಿ, ಹುಡುಗನಿಗೆ ನನ್ನ ಆಶೀರ್ವಾದ ಇದೆ, ಉಡುಗೊರೆ ಇದೆ, ನಾನು ಮಾತ್ರ ಇಲ್ಲ ಎಂದೆ. ಅವರು ಅತ್ತರು. ನನಗೂ ಅಳು ಬಂತು, ಆದರೆ ಮಾತು ಬದಲಿಸಲಿಲ್ಲ. ಗಂಡ ಮಂಗಳೂರಿಗೆ ಟಿಕೆಟ್ ತೆಗೆದರು, ನನ್ನ ಪ್ಯಾರಿಸ್ ಟಿಕೆಟ್ ಹಾಗೇ ಉಳಿಯಿತು. ಒಂದೇ ವಿಮಾನ ನಿಲ್ದಾಣದಿಂದ ಬೇರೆ ಬೇರೆ ದಿನ ಹೊರಟೆವು. ಅವರ ಪೆಟ್ಟಿಗೆ ತುಂಬಿ ಹಗ್ಗ ಕಟ್ಟಿಕೊಟ್ಟವಳು ನಾನೇ.

ಕಾಲುವೆಯ ದಾರಿ ಫೋಟೋದಲ್ಲಿದ್ದ ಹಾಗೆಯೇ ಇತ್ತು. ಬಾಡಿಗೆಗೆ ತೆಗೆದುಕೊಂಡ ಸೈಕಲ್ಲಿನ ಹಿಂದೆ ಎರಡು ಚೀಲ ಕಟ್ಟಿ ಹೊರಟೆ. ಮೊದಲ ದಿನವೆಲ್ಲ ನಾನು ಹಿಂದೆ ತಿರುಗಿ ನೋಡುತ್ತಲೇ ಇದ್ದೆ. ದೋಹಾದಲ್ಲಿ ರಸ್ತೆಗಿಳಿದರೆ ಹಿಂದಿನಿಂದ ಲ್ಯಾಂಡ್ ಕ್ರೂಸರ್ ಕಾರು ಲೈಟು ಹೊಡೆಯುತ್ತ ಬರುತ್ತದೆ ಎಂಬ ಹೆದರಿಕೆ ಮೈಯಲ್ಲಿ ಕುಳಿತಿರುತ್ತದಲ್ಲ, ಅದು ಅಷ್ಟು ಸುಲಭವಾಗಿ ಎದ್ದು ಹೋಗುವುದಿಲ್ಲ. ಹಿಂದೆ ಯಾರೂ ಇರಲಿಲ್ಲ. ನೀರಿನ ಬಾಟಲಿಗಳನ್ನು ಗಲ್ಫಿನ ಬುದ್ಧಿಯಲ್ಲಿ ಚೀಲದ ತುಂಬ ತುಂಬಿಕೊಂಡಿದ್ದೆ. ಅಲ್ಲಿ ಹಳ್ಳಿಗೊಂದು ನಲ್ಲಿ. ಸೂರ್ಯನಿಗಿಂತ ಮೊದಲು ಎದ್ದು ಹೊರಟೆ. ಅಲ್ಲಿಯ ಬೆಳಗಿನ ಚಳಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗಲಿಲ್ಲ. ದೋಣಿಗಳನ್ನು ಏರಿಸಿ ಇಳಿಸಲು ಕಾಲುವೆಗೆ ಅಲ್ಲಲ್ಲಿ ಗೇಟುಗಳಿವೆ, ಅಲ್ಲಿ ದಾರಿಯೂ ಸ್ವಲ್ಪ ಏರುತ್ತದೆ. ಮಕ್ಕಳು ಕೂಡ ಸಲೀಸಾಗಿ ಹತ್ತುವ ಏರು. ಕತಾರಿನ ಚಪ್ಪಟೆ ನೆಲದಲ್ಲಿ ಕಲಿತ ನಾನು ಇಳಿದು ತಳ್ಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಆದರೆ ಕೇಳುವವರು ಯಾರು? ದನಗಳು ಬೇಲಿಯ ಹತ್ತಿರ ಬಂದು ನನ್ನನ್ನು ನೋಡುತ್ತಿದ್ದವು. ಗೇಟಿನ ಪಕ್ಕದ ಪುಟ್ಟ ಮನೆಗಳ ಕಿಟಕಿಯಲ್ಲಿ ಹೂವಿನ ಕುಂಡಗಳು. ಎದುರಿನಿಂದ ಸೈಕಲ್ಲಿನಲ್ಲಿ ಬಂದ ಮುದುಕರು ಬೊಂಜೂರ್ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗಂಡ ಎಲ್ಲಿ, ಊಟ ಆಯಿತೇ, ಯಾವಾಗ ಬಂದೆ, ಯಾವಾಗ ವಾಪಸು, ಏನು ತಂದೆ, ಒಂದು ಪ್ರಶ್ನೆಯೂ ಇಲ್ಲ. ಸಂತೋಷದಿಂದ ನಾನು ಗಟ್ಟಿಯಾಗಿ ಕೊಂಕಣಿಯಲ್ಲಿ ಹಾಡು ಹೇಳಿಕೊಂಡು ಹೋದೆ.

ಪೆಟ್ಟು ಬಿದ್ದದ್ದು ಭಾನುವಾರ. ಶನಿವಾರ ಸಂಜೆ ಒಂದು ಚಿಕ್ಕ ಊರಿಗೆ ತಲುಪಿದ್ದೆ. ಅಂಗಡಿ ತೆರೆದಿತ್ತು. ನಾಳೆ ಹೊರಡುವಾಗ ತೆಗೆದುಕೊಂಡರಾಯಿತು ಎಂದು ಮಲಗಿದೆ. ಬೆಳಿಗ್ಗೆ ಹೊರಡುವಾಗ ನೋಡಿದರೆ ಅಂಗಡಿಗೆ ಬೀಗ. ಮುಂದಿನ ಊರಿನಲ್ಲೂ ಬೀಗ. ಅದರ ಮುಂದಿನ ಊರಿನಲ್ಲಿ ಬ್ರೆಡ್ಡಿನ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚಿಹೋಗಿತ್ತು. ಯಾರಾದರೂ ಸತ್ತಿದ್ದಾರೋ, ಬಂದ್ ಏನಾದರೂ ಇದೆಯೋ ಎಂದು ಬೀದಿಯಲ್ಲಿ ನಿಂತು ಯೋಚಿಸಿದೆ. ಭಾನುವಾರ ಎಂಬುದು ಹೊಳೆಯಲು ಬಹಳ ಹೊತ್ತು ಹಿಡಿಯಿತು. ಅರ್ಧ ಆಯುಷ್ಯ ನನಗೆ ಭಾನುವಾರವೆಂದರೆ ವಾರದ ಮೊದಲ ದಿನದ ಆಫೀಸು, ಬಸ್ಸು, ಮೀಟಿಂಗು. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚುತ್ತದೆ ಎಂದು ಗುರುವಾರವೇ ಹಾಲು ತಂದಿಡುವ ಜಾಣತನ ನನಗಿದೆ. ಜ್ಞಾನಸ್ನಾನವಾದ ಕ್ರಿಶ್ಚಿಯನ್ ಹೆಂಗಸು, ಭಾನುವಾರ ಒಂದು ಇದೆ ಎಂಬುದನ್ನೇ ಮರೆತಿದ್ದೆ. ಕನಿಷ್ಠ ಚರ್ಚಿಗಾದರೂ ಹೋಗೋಣ ಎಂದು ಹುಡುಕಿಕೊಂಡು ಹೋದರೆ ಅದಕ್ಕೂ ಬೀಗ. ಆ ವಾರ ಪೂಜೆ ಬೇರೆ ಯಾವುದೋ ಊರಿನಲ್ಲಂತೆ, ಬಾಗಿಲಿಗೆ ಅಂಟಿಸಿದ ಚೀಟಿಯಿಂದ ಅಷ್ಟು ತಿಳಿಯಿತು.

ನೆರೆಯವಳು ಬಲವಂತದಿಂದ ಚೀಲಕ್ಕೆ ತುರುಕಿದ ಖರ್ಜೂರದ ಡಬ್ಬಿ ಇತ್ತು. ಕಾಲುವೆ ದಂಡೆಯಲ್ಲಿ ಕುಳಿತು ಅದನ್ನೇ ತಿನ್ನುತ್ತಿದ್ದಾಗ ಫೋನ್ ಒಂದೇ ಸಮನೆ ಸದ್ದು ಮಾಡತೊಡಗಿತು. ಊರಿನಲ್ಲಿ ಅದು ರೋಸ್ ದಿನ. ಕುಟುಂಬದ ಗ್ರೂಪಿನಲ್ಲಿ ಫೋಟೋಗಳ ಮೇಲೆ ಫೋಟೋ: ಮದುಮಗನ ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದೆ, ಹೆಂಗಸರು ನಗುತ್ತಿದ್ದಾರೆ, ಒಂದು ಮೂಲೆಯಲ್ಲಿ ನನ್ನ ಗಂಡ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಒಬ್ಬರೇ ನಿಂತಿದ್ದಾರೆ. ಕೆಳಗೆ ಅವರ ಅಕ್ಕ ಬರೆದಿದ್ದರು: ಎಲ್ಲರೂ ಬಂದಿದ್ದಾರೆ, ಒಬ್ಬರನ್ನು ಬಿಟ್ಟು.

ಆ ಹುಡುಗನನ್ನು ನಾನು ಎತ್ತಿ ಆಡಿಸಿದ್ದೆ. ಖರ್ಜೂರದ ಡಬ್ಬಿ ಮುಚ್ಚಿಟ್ಟೆ. ಹಸಿವು, ಪರದೇಶ, ಬೀಗ ಹಾಕಿದ ಚರ್ಚು, ಎಲ್ಲ ಸೇರಿ ನಾನು ಚೆನ್ನಾಗಿ ಅತ್ತೆ. ಇದಕ್ಕೇ ಬಂದೆಯಾ, ಅನುಭವಿಸು ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ದನಿ ಗಂಡನ ಅಕ್ಕನದೋ ಅಮ್ಮನದೋ ತಿಳಿಯಲಿಲ್ಲ. ಹೌದು, ಇದಕ್ಕೇ ಬಂದೆ ಎಂದೆ. ಗಟ್ಟಿಯಾಗಿಯೇ ಹೇಳಿದೆ, ಕೇಳಲು ಬಾತುಕೋಳಿಗಳು ಮಾತ್ರ ಇದ್ದವು. ನಾನು ಅಲ್ಲಿ ಇಲ್ಲದ್ದರಿಂದ ಯಾವ ಮದುವೆಯೂ ನಿಂತಿರಲಿಲ್ಲ. ಹಾಲು ಹಚ್ಚಲು ನೂರು ಕೈಗಳಿದ್ದವು. ನಾನು ಈ ದಂಡೆಗೆ ಬಾರದಿದ್ದರೆ ನನ್ನ ಬದಲು ಇಲ್ಲಿ ಸೈಕಲ್ ಹೊಡೆಯಲು ಯಾರಿದ್ದರು? ಗ್ರೂಪಿನಲ್ಲಿ ಮದುಮಗನಿಗೆ ಶುಭಾಶಯ ಬರೆದೆ. ಕಾಲುವೆಯ ಪಕ್ಕ ನಿಂತ ನನ್ನ ಒಂದು ಫೋಟೋವನ್ನೂ ಹಾಕಿದೆ, ಹೆಲ್ಮೆಟ್ ಸಮೇತ, ಅತ್ತು ಊದಿದ ಮುಖ ಸಮೇತ. ಯಾರೂ ಉತ್ತರಿಸಲಿಲ್ಲ. ಕಣ್ಣೊರೆಸಿಕೊಂಡು ಸೈಕಲ್ ಹತ್ತಿದೆ. ಆ ಸಂಜೆ ಉಳಿದ ಮನೆಯ ಯಜಮಾನಿ ಮೊಟ್ಟೆ ಕಾಯಿಸಿ, ಆಲೂಗಡ್ಡೆ ಹುರಿದು ಕೊಟ್ಟಳು. ಅಷ್ಟು ರುಚಿಯಾದ ಊಟವನ್ನು ನಾನು ಯಾವ ಮದುವೆಯಲ್ಲೂ ಮಾಡಿಲ್ಲ.

ಇನ್ನೂ ಒಂದು ವಾರ ಹೋದೆ. ಏರುಗಳನ್ನು ಗೇರ್ ಹಾಕಿ ಹತ್ತುವುದು ಕಲಿತೆ. ಹಿಂದೆ ತಿರುಗಿ ನೋಡುವುದು ನಿಂತಿತು.

ದೋಹಾಕ್ಕೆ ಬಂದಾಗ ಬಿಸಿಲು ಕಾದ ಹಂಚಿನಂತಿತ್ತು. ಗಂಡ ಊರಿನಿಂದ ನೇರ ದುಖಾನ್‌ಗೆ ಹೋಗಿದ್ದರು. ಪ್ಲಾಂಟಿನಲ್ಲಿ ಕೆಲಸ ಜಾಸ್ತಿ ಎಂದು ಎರಡು ವಾರ ಮನೆಗೆ ಬರಲಿಲ್ಲ. ಬಂದಾಗ ಅವರ ಪೆಟ್ಟಿಗೆಯಲ್ಲಿ, ಪ್ರತಿ ಸಲ ಅಕ್ಕ ನನಗೆಂದು ಕೊಟ್ಟು ಕಳಿಸುವ ಮೀನಿನ ಉಪ್ಪಿನಕಾಯಿ ಇರಲಿಲ್ಲ. ಅದರಿಂದ ನೋವಾಯಿತು. ಅವರಿಗಿಂತ ಚೆನ್ನಾಗಿ ಆ ಉಪ್ಪಿನಕಾಯಿ ಮಾಡುವವರಿಲ್ಲ. ತಪ್ಪಾಯಿತು ಎಂದು ಒಂದು ಫೋನ್ ಮಾಡಿಬಿಡು, ಎಲ್ಲ ಸರಿಹೋಗುತ್ತದೆ ಎಂದು ಗಂಡ ಹೇಳಿದರು. ತಪ್ಪಾಗಿಲ್ಲ, ಹೇಗೆ ಹೇಳಲಿ ಎಂದೆ. ಅವರು ಒತ್ತಾಯಿಸಲಿಲ್ಲ. ಚರ್ಚಿನಲ್ಲಿ ಹೆಂಗಸರ ಗುಂಪು ನಾನು ಹತ್ತಿರ ಹೋದರೆ ಮಕ್ಕಳ ಪರೀಕ್ಷೆಯ ಮಾತಿಗೆ ಹೊರಳುತ್ತಿತ್ತು. ಬೇಸಿಗೆ ಹೀಗೆ ಕಳೆಯಿತು.

ಅಕ್ಟೋಬರಿನ ಒಂದು ಶುಕ್ರವಾರ ನಾನು ಟ್ರ್ಯಾಕಿನಿಂದ ಬಂದು ಬಾಗಿಲು ತೆರೆದಾಗ ಗಂಡ ಫೋನಿನಲ್ಲಿದ್ದರು. ಸ್ಪೀಕರ್ ಹಾಕಿದ್ದರು. ಅವರ ಅಕ್ಕ ಹೊಸ ಮನೆ ಮುಗಿಯುತ್ತ ಬಂದಿದೆ, ಮುಂದಿನ ವರ್ಷ ಆಶೀರ್ವಾದ ಇಟ್ಟುಕೊಳ್ಳಬೇಕು ಎಂದು ಹೇಳುತ್ತಿದ್ದರು. ಪ್ರತಿ ಸಲ ಇಂಥ ಸುದ್ದಿ ಇಲ್ಲಿಗೆ ಬರುವಾಗಲೇ ದಿನ ಗೊತ್ತಾಗಿರುತ್ತಿತ್ತು. ಈ ಸಲ ಅವರು ತಡವರಿಸಿದರು. ಆಮೇಲೆ, ಅವಳಿಗೆ ಯಾವಾಗ ಆಗುತ್ತದೆ ಎಂದು ಕೇಳಿ ಹೇಳು, ಅವಳು ಹೇಳಿದ ಮೇಲೆ ದಿನ ಇಡುತ್ತೇವೆ ಎಂದರು. ಅವರ ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಕೇಳಿದ್ದಂತೂ ಕೇಳಿದ್ದರು.

ಗಂಡ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ನನ್ನ ರಜೆ ಯಾವಾಗ ಎಂದು ಈ ಮನೆಯಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ತಕ್ಷಣ ಒಂದು ತಾರೀಕು ಹೇಳಿಬಿಡೋಣ, ಅವರಿಗೆ ಅನುಕೂಲವಾದ ತಾರೀಕನ್ನೇ ಹೇಳೋಣ ಎಂದು ಬಾಯಿಯವರೆಗೆ ಬಂತು. ನುಂಗಿಕೊಂಡೆ. ಹೆಲ್ಮೆಟ್ ತೆಗೆದು ಮೊಳೆಗೆ ಸಿಕ್ಕಿಸಿದೆ.

"ಯೋಚನೆ ಮಾಡಿ ಹೇಳ್ತೇನೆ ಅಂತ ಹೇಳಿ" ಎಂದೆ.

ಕಾಯಲಿ.